ಎರಡು ಹೊಸ ಟೈರು: ಮುಂದಕ್ಕೋ, ಹಿಂದಕ್ಕೋ?

ಮನೆಯಲ್ಲಿ ಮೋಟಾರು ಕಾರನ್ನು ಇಟ್ಟುಕೊಂಡವರಿಗೆ ಕೆಲವು ವರ್ಷಗಳಿಗೊಮ್ಮೆ ಒಂದು ಧರ್ಮಸಂಕಟ ಒದಗಿಬರುತ್ತದೆ. ಕಾರಿನ ನಾಲ್ಕು ಟೈರುಗಳೂ ಒಂದೇ ದಿನ ಮನೆಗೆ ಬಂದವುಗಳಾದರೂ ಒಂದೇ ದಿನ ಸವೆದು ಮುಗಿಯುವುದಿಲ್ಲ. ಎರಡು ಬೋಳಾಗಿ ನಿಂತಿರುವಾಗ ಉಳಿದೆರಡು, 'ಇನ್ನೊಂದು ವರ್ಷ ನಡೆದೇವು' ಎನ್ನುವಂತೆ ಕಾಣುತ್ತವೆ. ನಾಲ್ಕನ್ನೂ ಬದಲಿಸೋಣವೆಂದರೆ ಕೈಯಲ್ಲಿ ಅಷ್ಟು ಹಣವಿಲ್ಲ. ಹಾಗೆಯೇ ಬಿಡೋಣವೆಂದರೆ ಮನಸ್ಸು ಅಳುಕುತ್ತದೆ. ಕೊನೆಗೆ 'ಈ ಸಲಕ್ಕೆ ಎರಡು ಸಾಕು' ಎಂಬಲ್ಲಿಗೆ ಸಂಸಾರದ ಆಯವ್ಯಯ ಬಂದು ನಿಲ್ಲುತ್ತದೆ.

ಅಲ್ಲಿಗೆ ಸಮಸ್ಯೆ ಮುಗಿಯಿತೆಂದು ತಿಳಿಯಬೇಡಿ. ಆ ಎರಡು ಹೊಸ ಟೈರುಗಳನ್ನು ಕಾರಿನ ಮುಂಗಾಲಿಗೆ ತೊಡಿಸಬೇಕೋ ಹಿಂಗಾಲಿಗೆ ತೊಡಿಸಬೇಕೋ? ಈ ಪ್ರಶ್ನೆಯನ್ನು ಯಾರ ಮುಂದಿಟ್ಟರೂ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: "ಇದರಲ್ಲಿ ಕೇಳುವುದೇನಿದೆ? ಮುಂದಕ್ಕೆ!" ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂಬುದನ್ನು ನನಗೆ ಮನಗಾಣಿಸಿದುದು ಶಿರಾಡಿ ಘಾಟಿಯ ಒಂದು ತಿರುವು. ಪಾಠ ಕಲಿಯಲು ಅದೇನೂ ಒಳ್ಳೆಯ ಶಾಲೆಯಲ್ಲ. ಆದುದರಿಂದಲೇ, ವಾಚಕರು ಮನೆಯಲ್ಲಿ ಕುಳಿತೇ ಅದನ್ನು ತಿಳಿದುಕೊಳ್ಳಲೆಂದು ಈ ಲೇಖನ.

ಶ್ರಾವಣದ ಒಂದು ಪ್ರಯಾಣ

ಕೆಲವು ವರ್ಷಗಳ ಹಿಂದಿನ ಮಾತು. ಪುತ್ತೂರಿನಲ್ಲಿ ನನ್ನ ನಾದಿನಿಯ ಸೀಮಂತ. ಬೆಂಗಳೂರಿನಿಂದ ನಾವು ನಾಲ್ವರು ಹೊರಡುವುದೆಂದು ನಿಶ್ಚಯವಾಗಿತ್ತು: ನಾನು, ನನ್ನಾಕೆ, ಹತ್ತು ವರ್ಷದ ಮಗಳು, ಜೊತೆಗೆ ನಮ್ಮ ದೊಡ್ಡಪ್ಪ. ಹೊರಡುವ ಹಿಂದಿನ ದಿನ ಕಾರಿನ ಚಕ್ರಗಳನ್ನು ನೋಡಿದರೆ ಮುಂದಿನ ಎರಡು ಟೈರುಗಳು ಬೋಳುಗುಂಡಿನಂತಾಗಿದ್ದವು. ಹಿಂದಿನವೆರಡರಲ್ಲಿ ಗೀರುಗಳು ಇನ್ನೂ ಸ್ವಲ್ಪ ಉಳಿದಿದ್ದವು.

"ನಾಲ್ಕೂ ಹಾಕಿಸಿದರೆ ಎಷ್ಟಾಗುತ್ತಂತೆ ರೀ?" ಎಂದು ನನ್ನಾಕೆ ಕೇಳಿದಳು. ಹೇಳಿದೆ. ಆಕೆ ಮಾತನಾಡದೆ ಒಳಗೆ ಹೋದಳು. ಸೀಮಂತದ ಸೀರೆ, ಬಳೆ, ಬಾಗಿನಗಳ ಲೆಕ್ಕ ಆಗಲೇ ಮುಗಿದಿದ್ದ ಹೊತ್ತು ಅದು.

ದೊಡ್ಡಪ್ಪ ಪಂಚಾಯಿತಿ ಮುಗಿಸಿದರು. "ಎರಡು ಸಾಕು ಕಣೋ. ಮುಂದಕ್ಕೆ ಹಾಕಿಸಿಬಿಡು. ಸ್ಟಿಯರಿಂಗ್ ತಿರುಗಿಸೋದು ಯಾವ ಚಕ್ರನ? ಮುಂದಿನದು ತಾನೆ? ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದ್ದೀನಿ. ಯಾವತ್ತೂ ಒಳ್ಳೆ ಟೈರು ಮುಂದೆ, ಹಳೇದು ಹಿಂದೆ."

ಮಾತು ಸರಿಯಾಗಿಯೇ ಕಂಡಿತು. ಟೈರಿನ ಅಂಗಡಿಯಾತನೂ ತಡೆ ಹೇಳಲಿಲ್ಲ. ಮುಂದಿನ ಎರಡು ಚಕ್ರಗಳನ್ನು ಬಿಚ್ಚಿ, ಹಳೆಯದನ್ನು ಕಿತ್ತು, ಹೊಸತನ್ನು ತೊಡಿಸಿ, ಗಾಳಿ ತುಂಬಿ, ಒಂದು ಗಂಟೆಯೊಳಗೆ ಕಾರನ್ನು ಕೈಗೊಪ್ಪಿಸಿದನು.

ಮರುದಿನ ಹಾಸನದಲ್ಲಿ ತಿಂಡಿ ಮುಗಿಸಿ ಸಕಲೇಶಪುರವನ್ನು ದಾಟುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ದೋಣಿಗಾಲಿನಿಂದ ಮುಂದಕ್ಕೆ ರಸ್ತೆ ಕೆಳಗಿಳಿಯುತ್ತದೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ. ನಡುವೆ ರಸ್ತೆಯ ಮೇಲೆ ಕೆಸರು ಬೆರೆತ ನೀರು ಅಡ್ಡಲಾಗಿ ಹರಿಯುತ್ತಿತ್ತು. ನಮ್ಮ ವೇಗ ಗಂಟೆಗೆ ನಲವತ್ತೈದು ಕಿಲೋಮೀಟರನ್ನು ಮೀರಿರಲಿಲ್ಲ. ಬಲಕ್ಕೆ ಒಂದು ತಿರುವು ಬಂದಿತು. ಎದುರಿನಿಂದ ಲಾರಿಯೊಂದು ಏದುತ್ತ ಹತ್ತಿಬರುತ್ತಿತ್ತು. ನಾನು ಸ್ಟಿಯರಿಂಗನ್ನು ತಿರುಗಿಸುತ್ತ ಬ್ರೇಕಿನ ಮೇಲೆ ಕಾಲಿಟ್ಟೆ, ಅಷ್ಟೇ.

ಕಾರಿನ ಮುಂಭಾಗ ಹೇಳಿದ ಮಾತನ್ನು ಕೇಳಿತು. ಹಿಂಭಾಗ ಕೇಳಲಿಲ್ಲ. ಯಾರೋ ಹಿಂದಿನಿಂದ ಬಾಲ ಹಿಡಿದು ಎಡಕ್ಕೆ ಎಳೆದಂತಾಯಿತು. ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಕಾರು ರಸ್ತೆಗೆ ಅಡ್ಡಲಾಗಿತ್ತು. ಗಾಜಿನಾಚೆ ರಸ್ತೆಯ ಬದಲು ಧರೆಯ ಕೆಮ್ಮಣ್ಣು ಕಾಣಿಸುತ್ತಿತ್ತು. ಹಿಂಬದಿಯ ಮೂಲೆ ಕಣಿವೆಯ ಅಂಚಿನ ತಡೆಗೋಡೆಗೆ ಬಡಿದು ಕಾರು ನಿಂತಿತು. ಎದುರಿನ ಲಾರಿಯ ಚಾಲಕ ಹತ್ತು ಮಾರು ದೂರದಲ್ಲಿಯೇ ನಿಲ್ಲಿಸಿಕೊಂಡಿದ್ದನು. ಹಿಂದಿನ ಸೀಟಿನಲ್ಲಿ ನನ್ನಾಕೆ ಮಗಳನ್ನು ಅವಚಿಕೊಂಡು ಕುಳಿತಿದ್ದಳು. ಯಾರಿಗೂ ಪೆಟ್ಟಾಗಿರಲಿಲ್ಲ. ಮಳೆಯ ಸದ್ದನ್ನು ಬಿಟ್ಟು ಬೇರೆ ಸದ್ದಿರಲಿಲ್ಲ.

ಮೆಲ್ಲನೆ ಘಾಟಿಯನ್ನು ಇಳಿದು ಉಪ್ಪಿನಂಗಡಿಯಲ್ಲಿ ಒಂದು ಟೈರಿನ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯ ಮುದುಕರು ಮುಂದಿನ ಚಕ್ರವನ್ನು ನೋಡಿದರು. ಹಿಂದಿನ ಚಕ್ರದ ಗೀರುಗಳಲ್ಲಿ ಬೆರಳಾಡಿಸಿದರು. "ಹೊಸತನ್ನು ಮುಂದೆ ಯಾಕೆ ಹಾಕಿದ್ದು ಮಾರಾಯ್ರೆ? ಅದು ಹಿಂದೆ ಅಲ್ವಾ ಹಾಕಬೇಕಾದ್ದು!" ಎಂದರು.

ದೊಡ್ಡಪ್ಪ ನನ್ನ ಮುಖವನ್ನು ನೋಡಲಿಲ್ಲ.

ಅಂಗೈಯಗಲದ ನೆಲ

ಮುದುಕರ ಮಾತಿನಲ್ಲಿರುವ ಶಾಸ್ತ್ರವನ್ನು ತಿಳಿಯಬೇಕಾದರೆ ಮೊದಲು ಟೈರು ಮಾಡುವ ಕೆಲಸವನ್ನು ತಿಳಿಯಬೇಕು. ಸಾವಿರ ಕಿಲೋಗ್ರಾಮಿನಷ್ಟು ತೂಗುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯಲ್ಲಿಯೂ ಹೆಚ್ಚುಕಡಿಮೆ ಒಂದು ಅಂಗೈಯಗಲ ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು.

ಒಣ ರಸ್ತೆಯಲ್ಲಿ ರಬ್ಬರು ನೇರವಾಗಿ ನೆಲವನ್ನು ಕಚ್ಚುತ್ತದೆ. ಮಳೆ ಬಂದಾಗ ನಡುವೆ ನೀರು ಬಂದು ಕೂರುತ್ತದೆ. ಆ ನೀರನ್ನು ಬದಿಗೆ ಸಾಗಿಸುವ ಕಾಲುವೆಗಳೇ ಟೈರಿನ ಮೈಮೇಲಿರುವ ಗೀರುಗಳು. ಹೊಸ ಟೈರಿನಲ್ಲಿ ಈ ಗೀರುಗಳ ಆಳ ಸುಮಾರು 8 ಮಿಲಿಮೀಟರು. ಟೈರು ಸವೆದಂತೆಲ್ಲ ಕಾಲುವೆ ತುಂಬಿಕೊಂಡ ಚರಂಡಿಯಂತೆ ಆಳ ಕಳೆದುಕೊಳ್ಳುತ್ತದೆ. ನೀರಿಗೆ ಹೋಗಲು ದಾರಿಯಿಲ್ಲದಾಗ ಅದು ಟೈರನ್ನೇ ಮೇಲಕ್ಕೆತ್ತುತ್ತದೆ. ಆಗ ಕಾರು ನೆಲದ ಮೇಲೆ ಓಡುವುದಿಲ್ಲ, ನೀರಿನ ಮೇಲೆ ತೇಲುತ್ತದೆ.

ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲಿ, ನೀರು ನಿಂತ ಓಡುದಾರಿಯಲ್ಲಿ ವಿಮಾನದ ಚಕ್ರಗಳು ಜಾರುವುದೇಕೆಂದು ಪ್ರಯೋಗ ನಡೆಸಿ ಒಂದು ಸೂತ್ರವನ್ನು ಕಂಡುಕೊಂಡರು. ಗೀರುಗಳ ಆಳವನ್ನು ಮೀರಿ ನೀರು ನಿಂತಿದ್ದರೆ ಟೈರು ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿರುತ್ತದೆ. ಆ ಸೂತ್ರದಂತೆ ಲೆಕ್ಕ ಹಾಕಿದರೆ 32 ಪೌಂಡು ಗಾಳಿಯಿರುವ ಟೈರು ಗಂಟೆಗೆ ಸುಮಾರು 94 ಕಿಲೋಮೀಟರು ವೇಗದಲ್ಲಿ ತೇಲುತ್ತದೆ. ಗಾಳಿ 24 ಪೌಂಡಿಗೆ ಇಳಿದಿದ್ದರೆ ಸುಮಾರು 82ರಲ್ಲಿಯೇ ತೇಲುತ್ತದೆ. ಗಾಳಿ ಕಡಿಮೆಯಾದಷ್ಟೂ ಅಪಾಯ ಬೇಗನೆ ಬರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ನಲವತ್ತೈದರಲ್ಲಿ ನಾವು ಜಾರಿದುದೇಕೆ? ಹಿಡಿತವೆಂಬುದು ದೀಪ ಆರಿದಂತೆ ಒಮ್ಮೆಗೇ ಹೋಗತಕ್ಕದ್ದಲ್ಲ. ಪೂರ್ತಿ ತೇಲುವುದಕ್ಕೆ ಬಹಳ ಮೊದಲೇ ಸವೆದ ಟೈರಿನ ಅಂಗೈ ನೆಲವನ್ನು ಅರೆಬರೆಯಾಗಿ ಮುಟ್ಟುತ್ತಿರುತ್ತದೆ. ಅದರ ಮೇಲೆ ಕೆಸರು, ಇಳಿಜಾರು, ತಿರುವು, ಬ್ರೇಕು ನಾಲ್ಕೂ ಸೇರಿದರೆ ಅಷ್ಟು ವೇಗವೇ ಸಾಕು.

ಮುಂದೆ ಜಾರುವುದು ಬೇರೆ, ಹಿಂದೆ ಜಾರುವುದು ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಡಿತ ತಪ್ಪಿದರೆ ಕಾರು ತಿರುಗಬೇಕಾದಷ್ಟು ತಿರುಗದೆ ನೇರವಾಗಿ ಹೋಗಲು ನೋಡುತ್ತದೆ. ಇದು ಚಾಲಕನಿಗೆ ಕೂಡಲೇ ತಿಳಿಯುತ್ತದೆ. ಕೈಯಲ್ಲಿರುವ ಸ್ಟಿಯರಿಂಗು ಹಗುರವಾಗುತ್ತದೆ. ಅಂಜಿದ ಮನುಷ್ಯ ಆಗ ಸಹಜವಾಗಿ ಮಾಡುವುದೇನು? ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರುಗಳು ಮತ್ತೆ ನೆಲವನ್ನು ಹಿಡಿಯುತ್ತವೆ. ಹೆದರಿಕೆಯಿಂದ ಮಾಡಿದ ಕೆಲಸವೇ ಇಲ್ಲಿ ಬಹುಮಟ್ಟಿಗೆ ಮದ್ದಾಗುತ್ತದೆ.

ಹಿಂದಿನ ಚಕ್ರಗಳು ಜಾರಿದಾಗಿನ ಕಥೆಯೇ ಬೇರೆ. ಮುನ್ಸೂಚನೆ ಕೈಗೆ ಬರುವುದಿಲ್ಲ, ಏಕೆಂದರೆ ಆ ಚಕ್ರಗಳಿಗೂ ಸ್ಟಿಯರಿಂಗಿಗೂ ಸಂಬಂಧವಿಲ್ಲ. ಕಾರಿನ ಬಾಲ ತಿರುವಿನ ಹೊರಮಗ್ಗುಲಿಗೆ ಬೀಸುತ್ತದೆ. ಹೆದರಿದ ಚಾಲಕ ಕಾಲು ತೆಗೆಯುತ್ತಾನೆ, ಇಲ್ಲವೆ ಬ್ರೇಕು ತುಳಿಯುತ್ತಾನೆ. ಭಾರ ಮುಂದಕ್ಕೆ ವಾಲಿ, ಮೊದಲೇ ಹಿಡಿತವಿಲ್ಲದ ಹಿಂದಿನ ಚಕ್ರಗಳು ಇನ್ನಷ್ಟು ಹಗುರಾಗುತ್ತವೆ. ಬಾಲ ಇನ್ನಷ್ಟು ಬೀಸುತ್ತದೆ. ಮೊದಲಿನ ಸಂದರ್ಭದಲ್ಲಿ ಮದ್ದಾದುದೇ ಇಲ್ಲಿ ವಿಷವಾಗುತ್ತದೆ. ಜಾರುವ ದಿಕ್ಕಿಗೇ ಸ್ಟಿಯರಿಂಗನ್ನು ತಿರುಗಿಸಿ, ಬ್ರೇಕಿನ ಗೊಡವೆಗೆ ಹೋಗದೆ ಕಾರನ್ನು ಸಾವರಿಸಬಲ್ಲ ನುರಿತ ಚಾಲಕರಿಲ್ಲದೆ ಇಲ್ಲ. ಆದರೆ ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವ ನಾವು ನೀವು ಆ ಅಭ್ಯಾಸವನ್ನು ಮಾಡಿದವರಲ್ಲ.

ಆದುದರಿಂದ ನಿಯಮ ಇಷ್ಟೇ: ಗೀರುಗಳು ಹೆಚ್ಚು ಆಳವಿರುವ ಜೋಡಿ ಹಿಂದಕ್ಕೆ, ಕಡಿಮೆಯಿರುವ ಜೋಡಿ ಮುಂದಕ್ಕೆ. ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನೋ ಹಿಂದಿನ ಚಕ್ರಗಳನ್ನೋ ಎಂಬುದರಿಂದ ಈ ನಿಯಮ ಬದಲಾಗುವುದಿಲ್ಲ.

ಎದುರುಪಕ್ಷಕ್ಕೂ ನ್ಯಾಯ ಸಲ್ಲಬೇಕು. ನೇರವಾದ ರಸ್ತೆಯಲ್ಲಿ ಬ್ರೇಕು ಹಾಕುವಾಗ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದು. ಅಲ್ಲಿ ಹೊಸ ಟೈರಿದ್ದರೆ ಕಾರು ಸ್ವಲ್ಪ ಬೇಗ ನಿಲ್ಲಬಹುದೆಂಬುದು ನಿಜ. ಆದರೆ ನಿಲ್ಲುವ ದೂರ ಹೆಚ್ಚಾದರೆ ಮೊದಲೇ ನಿಧಾನಿಸಿ, ಮುಂದಿನ ಗಾಡಿಯಿಂದ ದೂರವಿದ್ದು ಸರಿದೂಗಿಸಿಕೊಳ್ಳಬಹುದು. ಬಾಲ ಬೀಸಿದ ಮೇಲೆ ಸರಿದೂಗಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ.

ಈಗಿನ ಕಾರುಗಳಲ್ಲಿ ಚಕ್ರಗಳು ಹೂತುಕೊಂಡು ಜಾರದಂತೆ ಬ್ರೇಕನ್ನು ತಡೆತಡೆದು ಹಿಡಿಯುವ ಎ.ಬಿ.ಎಸ್. ಯಂತ್ರವಿರುತ್ತದೆ. ಕೆಲವದರಲ್ಲಿ ಬಾಲ ಬೀಸುವುದನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ಬ್ರೇಕು ಹಾಕಿ ಕಾರನ್ನು ನೇರಕ್ಕೆ ತರುವ ಯಂತ್ರವೂ ಇರುತ್ತದೆ. ಇವು ಬಹಳ ಉಪಕಾರಿಗಳು. ಆದರೆ ಯಂತ್ರ ಇರುವ ಹಿಡಿತವನ್ನು ಜಾಣತನದಿಂದ ಹಂಚಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ದೊಡ್ಡಪ್ಪನ ಮಾತು ಎಲ್ಲಿಂದ ಬಂದುದು?

ಹಿರಿಯರ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು. ಅವರ ಕಾಲದಲ್ಲಿ ಅದಕ್ಕೊಂದು ಕಾರಣವಿತ್ತು.

ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಗಾಳಿ ತುಂಬಿದ ಚಕ್ರಕ್ಕೆ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದುದು 1845ರಲ್ಲಿ. ಅದನ್ನು ಬಳಕೆಗೆ ತಂದ ಕೀರ್ತಿ 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್‌ಗೆ ಸಂದಿತು. ಮುಂದೆ ಬಹುಕಾಲದವರೆಗೆ ಮೋಟಾರಿನ ಟೈರುಗಳು ಒಳಗೆ ರಬ್ಬರಿನ ಟ್ಯೂಬು ಇರುವಂಥವು. ಅವುಗಳ ಮೈಯಲ್ಲಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹೆಣೆದಿರುತ್ತಿದ್ದವು. ಓಡುವಾಗ ಈ ಪದರಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತಿದ್ದವು. ಟ್ಯೂಬು ಹರಿದರೆ ಗಾಳಿ ಒಮ್ಮೆಲೇ ಹೊರಬಿದ್ದು ಟೈರು ಸಿಡಿಯುತ್ತಿತ್ತು. ಮುಂದಿನ ಟೈರು ಸಿಡಿದರೆ ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಜೋರಾಗಿ ಎಳೆಯುತ್ತಿತ್ತು. 'ಒಳ್ಳೆಯದು ಮುಂದೆ' ಎಂಬ ನಂಬಿಕೆ ಬೆಳೆದುದು ಆ ಭಯದಿಂದ.

ಇನ್ನೊಂದು ಕಾರಣವೂ ಉಂಟು. ಅಂಬಾಸಿಡರಿನಲ್ಲಿ ಎಂಜಿನ್ನಿನ ಬಲ ಹರಿಯುತ್ತಿದ್ದುದು ಹಿಂದಿನ ಚಕ್ರಗಳಿಗೆ. ಅರೆಸವೆದ ಟೈರುಗಳನ್ನು ಹಿಂದಕ್ಕೆ ಹಾಕಿ ಪೂರ್ತಿ ಸವೆಸಿ ಬಿಡುವುದು ಮಿತವ್ಯಯದ ಕ್ರಮವಾಗಿತ್ತು.

ಕಾಲ ಬದಲಾಯಿತು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರು ಕ್ರಮೇಣ ಎಲ್ಲೆಡೆಯೂ ಹರಡಿತು. ಕಾರುಗಳಲ್ಲಿ ಟ್ಯೂಬು ಮಾಯವಾಯಿತು. ಮೊಳೆ ಚುಚ್ಚಿದರೂ ಗಾಳಿ ಸಾಮಾನ್ಯವಾಗಿ ಮೆಲ್ಲನೆ ಇಳಿಯುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಂದಿನಿಂದ ಮುಂದಿನ ಚಕ್ರಗಳೇ ಕಾರನ್ನು ಎಳೆಯುವ ಪದ್ಧತಿ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ನೆಲೆಯೂರಿತು. ಇಂಥ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಎಲ್ಲವೂ ಮುಂದಿನ ಟೈರುಗಳ ಪಾಲಿಗೇ. ಆದುದರಿಂದ ಅವು ಬೇಗ ಸವೆಯುತ್ತವೆ. ಬೋಳಾದ ಮುಂದಿನವನ್ನು ಕಿತ್ತು ಅಲ್ಲಿಗೇ ಹೊಸತನ್ನು ಹಾಕಿದರೆ, ಹಿಂದಿನವು ಯಾರ ಕಣ್ಣಿಗೂ ಬೀಳದೆ ವರ್ಷಾನುಗಟ್ಟಲೆ ಅಲ್ಲಿಯೇ ಉಳಿದು ಗಟ್ಟಿಯಾಗುತ್ತ ಹೋಗುತ್ತವೆ. ನಮ್ಮ ಕಾರಿನಲ್ಲಿ ಆದುದೂ ಅದೇ.

ಯಾವುದನ್ನು ಬದಲಿಸಬೇಕು?

ಇದನ್ನು ತಿಳಿಯಲು ಒಂದು ಬೆಂಕಿಕಡ್ಡಿ, ಮಕ್ಕಳ ಶಾಲೆಯ ಅಳತೆಪಟ್ಟಿ ಇದ್ದರೆ ಸಾಕು. ಕಡ್ಡಿಯನ್ನು ಗೀರಿನೊಳಗೆ ತಳಮುಟ್ಟ ನಿಲ್ಲಿಸಿ, ರಬ್ಬರಿನ ಮೇಲ್ಮಟ್ಟದಲ್ಲಿ ಉಗುರಿನಿಂದ ಗುರುತು ಮಾಡಿ, ಹೊರತೆಗೆದು ಅಳೆಯಿರಿ. ಒಂದೇ ಕಡೆ ಅಳೆದರೆ ಸಾಲದು. ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಬೇಕು. ನಾಲ್ಕು ಟೈರುಗಳ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಮ್ಮ ದೇಶದ ಮೋಟಾರು ವಾಹನ ನಿಯಮಗಳಂತೆ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರು ಆಳ ಉಳಿದಿರಬೇಕು. ಆ ಮಟ್ಟವನ್ನು ತೋರಿಸಲು ಗೀರುಗಳ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಸಣ್ಣ ದಿಬ್ಬಗಳನ್ನು ಅಡ್ಡಲಾಗಿ ಇಟ್ಟಿರುತ್ತಾರೆ. ಟೈರಿನ ಮೈ ಸವೆದು ಆ ದಿಬ್ಬಗಳಿಗೆ ಸಮವಾದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ಆದರೆ ಅದು ಕಾನೂನಿನ ಗೆರೆ, ನೆಮ್ಮದಿಯ ಗೆರೆಯಲ್ಲ. ಮಳೆಗಾಲದಲ್ಲಿ ಘಾಟಿ ಇಳಿಯುವವರು 3 ಮಿಲಿಮೀಟರು ಮುಟ್ಟಿದೊಡನೆ ಬದಲಿಸುವುದು ವಿವೇಕ.

ಸವೆದ ರೀತಿಯೂ ಒಂದು ಭಾಷೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ನೇರ್ಪು ತಪ್ಪಿದೆ; ಅಲೈನ್‌ಮೆಂಟ್ ಮಾಡಿಸಬೇಕು. ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರನ್ನೋ ಚಕ್ರದ ಬ್ಯಾಲೆನ್ಸನ್ನೋ ಪರೀಕ್ಷಿಸಬೇಕು. ಈ ರೋಗಗಳನ್ನು ವಾಸಿ ಮಾಡದೆ ಹೊಸ ಟೈರು ಹಾಕಿಸುವುದು ತೂತುಗಡಿಗೆಗೆ ಹಾಲೆರೆದಂತೆ.

ಗೀರುಗಳು ಆಳವಿದ್ದರೂ ಬದಲಿಸಬೇಕಾದ ಟೈರುಗಳುಂಟು. ಪಕ್ಕೆಯಲ್ಲಿ ಬಾವು ಬಂದಂತೆ ಉಬ್ಬಿದ್ದರೆ ಒಳಗಿನ ದಾರಗಳು ಹರಿದಿವೆಯೆಂದು ತಿಳಿಯಬೇಕು. ಒಂದು ದಿನವೂ ಅದನ್ನು ನಂಬಬಾರದು. ಪಕ್ಕೆಗೆ ಬಿದ್ದ ತೂತನ್ನು ಪಂಕ್ಚರ್ ಹಾಕಿ ಮುಚ್ಚಬಾರದು. ಸಣ್ಣ ಸಣ್ಣ ಬಿರುಕುಗಳು ಮೂಡಿದ್ದರೆ ರಬ್ಬರು ಮುಪ್ಪಾಗಿದೆ. ವಯಸ್ಸನ್ನು ಟೈರೇ ಹೇಳುತ್ತದೆ: ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಮುದ್ರೆಯಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು; ಹತ್ತು ವರ್ಷವಾದುದನ್ನು, ನೋಡಲು ಹೇಗೇ ಇರಲಿ, ಬಳಸಬಾರದು.

ಅಂಗಡಿಯಲ್ಲಿ ಹೇಳಬೇಕಾದುದು

ಮುಂದಿನ ಎರಡು ಸವೆದಿದ್ದು ಹಿಂದಿನವು ಚೆನ್ನಾಗಿದ್ದರೆ, ಹಿಂದಿನವನ್ನು ಮುಂದಕ್ಕೆ ತಂದು ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಎಡಗಡೆಯದು ಎಡಗಡೆಗೇ, ಬಲಗಡೆಯದು ಬಲಗಡೆಗೇ ಬಂದರೆ, ಪಕ್ಕೆಯ ಮೇಲೆ ಬಾಣದ ಗುರುತಿರುವ ಟೈರುಗಳೂ ಸರಿಯಾದ ದಿಕ್ಕಿಗೇ ತಿರುಗುತ್ತವೆ. ಹಿಂದಿನ ಎರಡು ಸವೆದಿದ್ದರೆ ಮಾತೇ ಇಲ್ಲ, ಹೊಸತು ನೇರವಾಗಿ ಹಿಂದಕ್ಕೆ.

ಇಲ್ಲೊಂದು ಎಚ್ಚರಿಕೆ. ಒಳ್ಳೆಯದು ಹಿಂದಕ್ಕೆ ಎಂದರೆ ಮುಂದೆ ಬೋಳು ಟೈರಿದ್ದರೂ ನಡೆಯುತ್ತದೆಂದು ಅರ್ಥವಲ್ಲ. ಮುಂದಕ್ಕೆ ಬರುವ ಟೈರು ಗೀರಿನಲ್ಲಿ ಸ್ವಲ್ಪ ಕಡಿಮೆಯಿರಬಹುದು, ಆರೋಗ್ಯದಲ್ಲಿ ಕಡಿಮೆಯಿರಬಾರದು. ನಾಲ್ಕೂ 3 ಮಿಲಿಮೀಟರಿಗಿಂತ ಇಳಿದಿದ್ದರೆ ನಾಲ್ಕನ್ನೂ ಬದಲಿಸುವುದೇ ಸರಿ.

ಒಂದೇ ಟೈರು ಹರಿದುಹೋದರೆ? ಉಳಿದವು ಹೊಸದರಂತಿದ್ದರೆ ಅದೇ ಅಳತೆಯ, ಅದೇ ಮಾದರಿಯ ಒಂದನ್ನು ಕೊಂಡು ಹಿಂದಕ್ಕೆ ಹಾಕಿಸಿ. ಉಳಿದ ಮೂರರಲ್ಲಿ ಅತ್ಯಂತ ಕಡಿಮೆ ಸವೆದುದನ್ನು ಅದರ ಜೊತೆಗೆ ಕೂಡಿಸಿ. ಉಳಿದವು ಅರ್ಧ ಸವೆದಿದ್ದರೆ ಜೋಡಿಯನ್ನೇ ಕೊಳ್ಳುವುದು ಮೇಲು. ಒಂದೇ ಅಚ್ಚಿನ ಎರಡು ತುದಿಗಳಲ್ಲಿ ಎರಡು ಬಗೆಯ ಟೈರು ಇರುವುದು ಎತ್ತು ಕೋಣಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಕಾರಾದರೆ ನಾಲ್ಕೂ ಸರಿಸಮನಾಗಿರಬೇಕು. ಇಲ್ಲವಾದರೆ ಒಳಗಿನ ಗೇರುಗಳಿಗೆ ಪೆಟ್ಟು. ಮುಂದೊಂದು ಅಳತೆ ಹಿಂದೊಂದು ಅಳತೆಯ ಚಕ್ರಗಳಿರುವ ಕಾರುಗಳಲ್ಲಿ ಹಿಂದುಮುಂದು ಮಾಡಲು ಬರುವುದಿಲ್ಲ.

ಸ್ಟೆಪ್ನಿಯನ್ನು ಮರೆಯಬೇಡಿ. ಡಿಕ್ಕಿಯಲ್ಲಿ ಆರು ವರ್ಷ ಮಲಗಿದ್ದ ಟೈರು, ಒಮ್ಮೆಯೂ ರಸ್ತೆ ಕಾಣದಿದ್ದರೂ, ಆರು ವರ್ಷದ ಹಳೆಯ ಟೈರೇ. ಸ್ಟೆಪ್ನಿ ಉಳಿದವಕ್ಕಿಂತ ಕಿರಿದಾದುದಾದರೆ ಅದು ಅಂಗಡಿ ತಲುಪುವವರೆಗಿನ ಊರುಗೋಲು ಮಾತ್ರ. ಅದರ ಮೇಲೆ ಬರೆದಿರುವ, ಸಾಮಾನ್ಯವಾಗಿ 80 ಕಿಲೋಮೀಟರಿನ, ವೇಗಮಿತಿಯನ್ನು ಮೀರಬಾರದು.

ಅಂಗಡಿಯಾತನು ಗೊಣಗಬಹುದು. ಎರಡು ಚಕ್ರಗಳನ್ನು ಬಿಚ್ಚುವ ಬದಲು ನಾಲ್ಕನ್ನೂ ಬಿಚ್ಚಿ ಅದಲುಬದಲು ಮಾಡುವ ಕೆಲಸ ಅವನಿಗೆ. ಹೊಸತನ್ನು ಸವೆದ ಜಾಗಕ್ಕೇ ಹಾಕಿಬಿಡುವ ಅಭ್ಯಾಸ ಬೆಳೆದುದರಲ್ಲಿ ಈ ಸೋಮಾರಿತನದ ಪಾಲೂ ಇದೆ. ಕೂಲಿ ಸ್ವಲ್ಪ ಹೆಚ್ಚಾದರೂ ಕೊಡಿ. ಎದುರಿಗೇ ನಿಂತು ಮಾಡಿಸಿ. ಮೊದಲ ಐವತ್ತು ನೂರು ಕಿಲೋಮೀಟರು ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರು ಆತುರ ಬೇಡ.

ಗೃಹಿಣಿಯ ಲೆಕ್ಕ

ಈ ಕ್ರಮದಲ್ಲಿ ಖರ್ಚು ಹೆಚ್ಚಲ್ಲವೆ ಎಂದು ಮನೆಯ ಲೆಕ್ಕ ನೋಡುವವರು ಕೇಳಬಹುದು. ನನ್ನಾಕೆ ಕೇಳಿದಳು, ಉತ್ತರವನ್ನೂ ಅವಳೇ ಕಂಡುಕೊಂಡಳು. "ಅಕ್ಕಿ ಡಬ್ಬಿಯ ಹಾಗೆ ಅಲ್ಲವೇ ಇದು? ಹೊಸ ಅಕ್ಕಿ ಅಡಿಗೆ ಹಾಕಿ ಹಳೇ ಅಕ್ಕಿ ಮೇಲಕ್ಕೆ ತಂದುಕೊಂಡರೆ ಯಾವುದೂ ಹುಳ ಹಿಡಿಯೋಲ್ಲ" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಹೊಸ ಜೋಡಿ ಹಿಂದೆ ನಿಧಾನವಾಗಿ ಸವೆಯುತ್ತದೆ. ಹಳೆಯ ಜೋಡಿ ಮುಂದೆ ಬಂದು ಬೇಗ ಮುಗಿಯುತ್ತದೆ. ಮುಗಿದಾಗ ಹಿಂದಿನದು ಮುಂದಕ್ಕೆ, ಮತ್ತೊಂದು ಹೊಸ ಜೋಡಿ ಹಿಂದಕ್ಕೆ. ಯಾವ ಟೈರೂ ಕಾರಿನಲ್ಲಿ ಮುಪ್ಪಾಗುವವರೆಗೆ ಉಳಿಯುವುದಿಲ್ಲ. ಖರ್ಚೂ ಒಮ್ಮೆಗೇ ಮೈಮೇಲೆ ಬೀಳುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಕೊಳ್ಳುವ ಶಕ್ತಿಯಿರುವವರು ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದುಮುಂದು ಮಾಡಿಸುತ್ತ ಬಂದರೆ ನಾಲ್ಕೂ ಸಮನಾಗಿ ಸವೆದು ಈ ಪ್ರಶ್ನೆಯೇ ಏಳುವುದಿಲ್ಲ.

ಇಷ್ಟಾದರೂ ಎಲ್ಲಕ್ಕಿಂತ ಅಗ್ಗದ ರಕ್ಷಣೆ ಗಾಳಿಯೇ. ಚಾಲಕನ ಬಾಗಿಲಿನ ಚೌಕಟ್ಟಿನ ಬಳಿ ಎಷ್ಟು ಗಾಳಿಯಿರಬೇಕೆಂಬ ಚೀಟಿಯನ್ನು ಸಾಮಾನ್ಯವಾಗಿ ಅಂಟಿಸಿರುತ್ತಾರೆ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಸ್ಟೆಪ್ನಿಯನ್ನೂ ಸೇರಿಸಿ ನೋಡಿಸಿದರೆ ಸಾಕು.

ಉಪ್ಪಿನಂಗಡಿಯ ಮುದುಕರು ಅಂದು ಅರ್ಧ ಗಂಟೆಯೊಳಗೆ ಹೊಸತನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಕೊಟ್ಟರು. ಆ ಹಳೆಯ ಜೋಡಿಯನ್ನೂ ಬೇಗ ಬದಲಿಸಬೇಕೆಂದು, ಅಲ್ಲಿಯವರೆಗೆ ಜೋರಾಗಿ ಓಡಿಸಬಾರದೆಂದು ಹೇಳಿ ಕಳುಹಿಸಿದರು. ಸೀಮಂತ ಮುಗಿಸಿಕೊಂಡು ಅದೇ ಘಾಟಿಯನ್ನು, ಅದೇ ಮಳೆಯಲ್ಲಿ, ನಿಧಾನವಾಗಿ ಹತ್ತಿ ಬಂದೆವು. ಆ ತಿರುವು ಬಂದಾಗ ಯಾರೂ ಮಾತನಾಡಲಿಲ್ಲ. ಮಗಳು ಮಾತ್ರ ತಡೆಗೋಡೆಯ ಮೇಲೆ ನಮ್ಮ ಕಾರಿನ ಬಣ್ಣ ಹತ್ತಿರುವುದನ್ನು ತೋರಿಸಿದಳು. ಬೆಂಗಳೂರಿಗೆ ಬಂದ ವಾರದಲ್ಲಿಯೇ ಉಳಿದೆರಡು ಟೈರುಗಳನ್ನೂ ಬದಲಿಸಿದೆವು. ಹಣ ಎಲ್ಲಿಂದ ಬಂದಿತೆಂದು ನಾನು ಕೇಳಲಿಲ್ಲ, ನನ್ನಾಕೆ ಹೇಳಲಿಲ್ಲ.

ದೊಡ್ಡಪ್ಪ ಈ ವಿಷಯವನ್ನು ನನ್ನೊಡನೆ ಮತ್ತೆ ಎತ್ತಿದವರಲ್ಲ. ಆದರೆ ಮೊನ್ನೆ ನೆರೆಮನೆಯವರು ಎರಡು ಹೊಸ ಟೈರುಗಳನ್ನು ತರಿಸಿ ಬಾಗಿಲಲ್ಲಿ ಇಟ್ಟುಕೊಂಡು, "ಮುಂದಕ್ಕೆ ತಾನೆ ಸಾರ್?" ಎಂದು ಅವರನ್ನು ಕೇಳುತ್ತಿದ್ದುದು ಕಿಟಕಿಯಿಂದ ನನ್ನ ಕಿವಿಗೆ ಬಿತ್ತು.

"ಹಿಂದಕ್ಕೆ," ಎಂದರು ದೊಡ್ಡಪ್ಪ. "ಮೂವತ್ತು ವರ್ಷ ಕಾರು ಓಡಿಸಿದ್ದೀನಿ. ನಾನು ಹೇಳ್ತೀನಿ ಕೇಳಿ, ಹಿಂದಕ್ಕೆ ಹಾಕಿಸಿ."